ಎರಡು ಮನೆಯ ಬಾವಿ

ಆ ರಾತ್ರಿ ಕೈಲಾಂಚದಿಂದ ಬಂದ ಕೊನೆಯ ಬಸ್ಸಿನಿಂದ ಇಳಿದು ಅಂಬುಜಮ್ಮ ಒಬ್ಬಳೇ ಮನೆಯತ್ತ ನಡೆಯುತ್ತಿದ್ದಳು. ಅವಳು ನನ್ನ ಚಿಕ್ಕಮ್ಮನ ಮಗಳು. ಇದ್ದದ್ದನ್ನು ಇದ್ದಂತೆ ಹೇಳುವವಳು. ಅವಳಿಗೆ ಆದದ್ದನ್ನೇ ಹೇಳುತ್ತೇನೆ.

ರಾಮನಗರದ ಆ ಹಳೆಯ ಬೀದಿಯಲ್ಲಿ ಸಾಲಾಗಿ ಹೆಂಚಿನ ಮನೆಗಳು, ಕಲ್ಲುಕಂಬದ ಜಗಲಿಗಳು. ಬಿಲ್ಡರಿಗೆ ಯಾರೂ ಮಾರಕೂಡದು, ಬೀದಿಯ ರೂಪ ಕೆಡಿಸಕೂಡದು ಎಂದು ಮನೆಯವರೆಲ್ಲ ಮಾತಾಡಿಕೊಂಡಿದ್ದರು. ಆದರೆ ಅಂಬುಜಮ್ಮನ ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮ ತೀರಿಕೊಂಡ ಮೇಲೆ ಅವರ ಮಕ್ಕಳು ಮಾರಿಬಿಟ್ಟರು. ಮನೆ ನೆಲಸಮವಾಯಿತು. ಉಳಿದದ್ದು ನಡುಗೋಡೆ, ಮತ್ತು ಅರ್ಧ ಬಾವಿ.

ಅರ್ಧವೆಂದರೆ ಅರ್ಧವೇ. ಎರಡು ಮನೆಗಳ ನಡುಗೋಡೆ ಬಾವಿಯ ಬಾಯಿಯ ಮೇಲೇ ಹಾದುಹೋಗುತ್ತದೆ. ಆಚೆಯವರು ಆಚೆಯಿಂದ, ಈಚೆಯವರು ಈಚೆಯಿಂದ ಸೇದಬೇಕು. ನೀರು ಒಂದೇ. ಅದನ್ನು ಮುಚ್ಚದೆ ಅಪಾರ್ಟ್‌ಮೆಂಟ್ ಏಳುವಂತಿಲ್ಲ. ಮುಚ್ಚಲು ಹೊರಟರೆ ಗೋಡೆ ಬೀಳುವ ಭಯ, ಬಿದ್ದರೆ ಅದನ್ನು ನೆಚ್ಚಿದ ಅಂಬುಜಮ್ಮನ ಮನೆಯೂ ಉಳಿಯುವುದಿಲ್ಲ. ಅವಳು ಒಪ್ಪಿರಲಿಲ್ಲ.

ಸದ್ದು ಶುರುವಾದದ್ದು ಆಮೇಲೆ. ಆಚೆ ಬದಿಯ ರಾಟೆಯನ್ನು ಎಂದೋ ಗುಜರಿಗೆ ಹಾಕಿದ್ದರು. ಆದರೂ ರಾತ್ರಿ... ಕಿರ್ರ್... ಕಿರ್ರ್... ಹಗ್ಗ ಇಳಿಯುವ ಸದ್ದು. ಬಿಂದಿಗೆ ನೀರಿಗೆ ಬಡಿದು, ಗುಳುಗುಳು ತುಂಬುವ ಸದ್ದು.

ಹೆದರಿಸಿ ಮನೆ ಬಿಡಿಸಲು ಬಿಲ್ಡರನ ಕಡೆಯವರು ಹೂಡಿದ ಆಟ ಎಂದು ಅಂಬುಜಮ್ಮ ತೀರ್ಮಾನಿಸಿದ್ದಳು. ಆ ರಾತ್ರಿ ಬಾವಿಯ ಪಕ್ಕದ ಓಣಿಗೆ ತಿರುಗಿದಾಗ, ಕೆಡವಿದ ಮನೆಯ ಜಾಗದಲ್ಲಿ ಯಾರೋ ಕುಕ್ಕರುಗಾಲಲ್ಲಿ ಕೂತಿದ್ದರು. ಟಾರ್ಚ್ ಬಿಟ್ಟಳು. ಬಿಲ್ಡರನ ಮೇಸ್ತ್ರಿ, ಮಧುಕುಮಾರ್.

"ಸಿಕ್ಕಾಕ್ಕೊಂಡ್ಯಾ?"

"ಶ್... ಮೆತ್ತಗೆ ಅಮ್ಮೋರೆ. ಸಿಕ್ಕಾಕ್ಕೊಂಡಿರೋದು ನೀವು."

"ನಾನಾ?"

"ರಾತ್ರಿಯೆಲ್ಲ ರಾಟೆ ಎಳೆಸಿ ನಮ್ ಕೆಲ್ಸದೋರ್ನ ಓಡುಸ್ಬುಟ್ರಲ್ಲ. ಯಾರ್ ಕೈಲಿ ಮಾಡುಸ್ತಾ ಇದ್ದೀರಿ? ಹೇಳ್ಬುಡಿ."

"ಅಯ್ಯೋ ನಿನ್ನ... ಈ ಮಂಡಿನೋವಲ್ಲಿ ನಮ್ ಕಡೆ ರಾಟೆ ಎಳೆಯೋದೇ ಕಷ್ಟ. ಗೋಡೆ ಹಾರಿ ನಿನ್ ಕಡೇದು ಎಳೀತೀನಾ?"

ಅವನು ನಗಲಿಲ್ಲ. "ಯಾರಾದ್ರೂ ಆಗ್ಲಿ, ಮುಗೀತು. ನೀವು ಊರಲ್ಲಿಲ್ದಾಗ, ಇವತ್ತು ಸಾಯಂಕಾಲ, ಬಾವಿಗೆ ಒಂದ್ ಟ್ರ್ಯಾಕ್ಟರ್ ಮಣ್ಣೂ ಈ ಮನೆ ಹೆಂಚೂ ಸುರುದ್ಬುಟ್ಟಿದ್ದೀವಿ. ನಾಳೆ ಇನ್ನೊಸಿ ಸುರುದ್ರೆ ಬಾವಿನೇ ಇರಕ್ಕಿಲ್ಲ."

ಬೈಯಲೆಂದು ಅಂಬುಜಮ್ಮ ಬಾಯಿ ತೆರೆದಳು.

ಕಿರ್ರ್...

ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿದರು.

ಕಿರ್ರ್... ಕಿರ್ರ್... ಈ ಸಲ ಭಾರ ಮೇಲಕ್ಕೆ ಬರುತ್ತಿತ್ತು. ಕಟ್ಟೆಯ ಮೇಲೆ ಏನನ್ನೋ ಇಟ್ಟ ಸದ್ದು. ಟಕ್. ಮತ್ತೆ ಹಗ್ಗ ಇಳಿಯಿತು... ಮತ್ತೆ ಟಕ್.

"ಅಮ್ಮೋರೆ... ಅತ್ಲಾಗೆ ಟಾರ್ಚ್ ಬುಡಿ."

"ನೀನೇ ಬಿಡಪ್ಪ. ತಗೋ."

ಅವನು ತೆಗೆದುಕೊಳ್ಳಲಿಲ್ಲ. ಚಪ್ಪಲಿಯನ್ನೂ ಬಿಟ್ಟು ಓಡಿದ. ಅವಳು ಹೇಗೋ ಒಳಗೆ ಸೇರಿ ಚಿಲಕ ಹಾಕಿಕೊಂಡಳು. ಸದ್ದು ಕೋಳಿ ಕೂಗುವವರೆಗೂ ನಿಲ್ಲಲಿಲ್ಲವಂತೆ.

ಬೆಳಿಗ್ಗೆ ಅವಳ ಫೋನು ಬಂತು. ನಾನೇ ಹೋದೆ. ಬಾವಿಯ ಆಚೆ ಬದಿಯಲ್ಲಿ ದೊಡ್ಡಲಕ್ಷ್ಮಮ್ಮನ ಮನೆಯ ಹೆಂಚುಗಳನ್ನು ಓರಣವಾಗಿ, ಒಂದರ ಪಕ್ಕಕ್ಕೊಂದು ಜೋಡಿಸಿಟ್ಟಿತ್ತು. ಕೆಲಸದವರು ದೂರದಲ್ಲೇ ನಿಂತಿದ್ದರು. ಬಾವಿ ಮುಚ್ಚುವ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಇಂದಿಗೂ ಎತ್ತಿಲ್ಲ.

ಇಂಥವುಗಳಲ್ಲಿ ನನಗೆ ನಂಬಿಕೆಯಿಲ್ಲ. ಆದ್ದರಿಂದಲೇ ಬಗ್ಗಿ ಹೆಂಚುಗಳನ್ನು ಮುಟ್ಟಿ ನೋಡಿದೆ. ನನ್ನ ಕೈಯಾರೆ. ಬಿಸಿಲು ಏರಿತ್ತು. ಹೆಂಚುಗಳಿನ್ನೂ ಒದ್ದೆಯಾಗಿದ್ದವು... ಒಂದೂ ಒಡೆದಿರಲಿಲ್ಲ.