ಅಬು ಜಲಾಲನ ತಾರಸಿಗೆ ಇಳಿದ ಡ್ರೋನ್

ಅಮ್ಮಾನ್ ನಗರದ ರೊಟ್ಟಿಯಂಗಡಿಯ ಸಾಲಿನಲ್ಲಿ ನಿಂತಿದ್ದ ಸುಹೈಲಾಳ ಕಿವಿಗೆ ಹಿಂದಿದ್ದ ಅಣ್ಣತಮ್ಮಂದಿರ ಮಾತು ಬಿತ್ತು.

"ಸಂಜೆಯೊಳಗೆ ಮಾರಾಟದ ಆ ಮನೆ ಫೋಟೋ ಮೇಲಿಂದ ತೆಗೆದು ಕೊಡ್ದಿದ್ರೆ ದಲ್ಲಾಳಿ ಬೇರೆಯವರನ್ನ ಕರೀತಾನಂತೆ. ಡ್ರೋನ್ ಎಲ್ಲೋ, ಕೈಸ್?"

"ಗಾಳಿಗೆ ಸಿಕ್ಕಿ ಅಬು ಜಲಾಲನ ತಾರಸಿ ಮೇಲೆ ಇಳೀತು, ಅಣ್ಣಾ."

"ಆ ಪಾರಿವಾಳದವನ ತಾರಸೀನೇ ಬೇಕಿತ್ತಾ ನಿಂಗೆ!"

"ಅವನ ತಲೆಗೆ ಮುತ್ತಿಟ್ಟು ಬೇಡ್ಕೊಂಡೆ. ಆರು ತಿಂಗಳು ಕೂತು ಒಂದೊಂದೇ ತಂತಿ ಬೆಸೆದು ಕಟ್ಟಿದ್ದು ಅಂದೆ."

"ಏನಂದ?"

"ನನ್ನ ತಾರಸಿಗೆ ಇಳಿದ ಹಕ್ಕಿ ನನ್ನದೇ, ಪಾರಿವಾಳದವರ ಕಾನೂನೇ ಅದು ಅಂದ."

"ಹಾರಿಸ್ಕೊಂಡು ಬಂದ್ಬಿಡೋ! ರಿಮೋಟ್ ನಿನ್ನ ಕೈಲೇ ಇದ್ಯಲ್ಲ!"



"ಹಿಡಿದ ಹಕ್ಕಿ ವಾಪಸ್ ಹೋಗ್ಬಾರ್ದು ಅಂತ ರೆಕ್ಕೆ ಕತ್ತರಿಸ್ತಾನಲ್ಲ, ಹಾಗೇ ಡ್ರೋನಿನ ನಾಲ್ಕೂ ರೆಕ್ಕೆ ಕತ್ತರಿಸಿ ಗೂಡಿಗೆ ಹಾಕಿದ್ದಾನೆ, ಅಣ್ಣಾ."

ಸುಹೈಲಾ ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ರೊಟ್ಟಿ ಕೊಳ್ಳದೆಯೇ ಸಾಲು ಬಿಟ್ಟು ಹೋಗಿದ್ದರು.