ದಡಿಯ ಮನೇಲಿಲ್ಲ

...ಇಲ್ಲ ಅಂದೆನಲ್ಲ. ದಡಿಯ ಮನೇಲಿಲ್ಲ, ಎಲ್ಲೋ ಅಲೆಯೋಕೆ ಹೋಗಿದಾನೆ. ಗಂಡುಬೆಕ್ಕು, ನನ್ನ ಹತ್ರ ಕೇಳಿ ಹೋಗುತ್ತಾ? ನೀನು ಬಾಗಿಲಲ್ಲೇ ನಿಂತ್ಕೋ ಅಕ್ಕ. ಕತ್ತರಿಸಿದ ಬಟ್ಟೆ ಹರಡಿದೀನಿ, ತುಳೀತೀಯ.

ಅಮ್ಮ ಹೋದ ಮೇಲೆ ಈ ಹೊಸ್ತಿಲು ದಾಟಿದೋಳಲ್ಲ ನೀನು. ನನ್ನ ಎದುರಿಗೇ ಹೊಲಿಗೆ ಅಂಗಡಿ ಇಟ್ಟೆ. 'ನನ್ನ ತಂಗಿ ರವಿಕೆಗೆ ತೋಳು ಕೂರಿಸಿದ್ರೆ ಕೈ ಮೇಲೆತ್ತೋಕಾಗಲ್ಲ' ಅಂತ ನನ್ನ ಗಿರಾಕಿಗಳ ಹತ್ರಾನೇ ಆಡ್ಕೊಂಡು ನಕ್ಕೆ. ಇವತ್ತು ನಿನ್ನ ಬೆಕ್ಕು ಪುಟ್ಟಿಗೆ ರಕ್ತ ಬೇಕು ಅಂದಾಗ ತಂಗಿ ನೆನಪಾದ್ಲು. ಹೌದಮ್ಮ, ಎರಡೂ ಒಂದೇ ತಾಯಿ ಮರಿಗಳು. ಪುಟ್ಟಿ ನಿನಗೆ, ದಡಿಯ ನನಗೆ ಅಂತ ಹಂಚ್ಕೊಂಡ್ವಿ. ಒಡಹುಟ್ಟಿದ್ದು ಅಂದ ಮಾತ್ರಕ್ಕೆ ರಕ್ತ ಹೊಂದಿಬಿಡುತ್ತಾ? ಪರೀಕ್ಷೆ ಮಾಡಬೇಕು. ಹೊಂದದೆ ಇರೋದನ್ನ ಏರಿಸಿದ್ರೆ ಇರೋ ಜೀವಾನೂ ಹೋಗುತ್ತೆ.

ಯಾಕೆ ತಲೆ ತಗ್ಗಿಸ್ತೀಯ? ಬೆಕ್ಕು ಗೋಡೆ ನೆಕ್ಕಿತು, ಮಣ್ಣು ತಿಂತು, ಕೂತಲ್ಲೇ ತೂಕಡಿಸಿತು. ನೀನು ಸೋಮಾರಿ ಅಂತ ಬೈತಾ ಇದ್ದೆ. ಚಿಂದಿ ಮೂಟೆ ಮೇಲೆ ಮಲಗಿಸ್ತೀಯಲ್ಲ, ಅದರ ತುಂಬ ಚಿಗಟ. ರಕ್ತ ಕುಡಿದು ಕುಡಿದು ಹಿಂಡಿ ಹಾಕಿವೆ ಅದನ್ನ. ಆ ಮೂಟೆ ಸುಡೋದು ಬಿಟ್ಟು, ಚಿಗಟಕ್ಕೆ ಔಷಧಿ ಹಾಕಿಸೋದು ಬಿಟ್ಟು, ಬೀಟ್‌ರೂಟ್ ರಸ ಕುಡಿಸಿದೆಯಂತೆ. ರಕ್ತ ಆಗುತ್ತೆ ಅಂತ. ಬಣ್ಣ ನೋಡಿ ಹೊಂದಿಸೋಕೆ ಅದೇನು ಲೈನಿಂಗ್ ಬಟ್ಟೇನಾ?

ಒಂದು ಸಲ ತುಟಿ ಎತ್ತಿ ನೋಡಿದ್ರೆ ಸಾಕಿತ್ತು. ಒಸಡು ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಮೂಗಿನ ತುದೀನೂ ಹಾಗೇ. ಆಸ್ಪತ್ರೇಲಿ ಆ ಗಾಜಿನ ಪೆಟ್ಟಿಗೇಲಿ ಮಲಗಿ ಹೊಟ್ಟೆ ಪಟಪಟ ಅಂತ ಬಡ್ಕೊಳ್ತಿತ್ತು, ಪಾಪ, ನೋಡೋಕೇ...

ಏನು? ಯಾಕೆ ಹಾಗೆ ನೋಡ್ತೀಯ?

ಯಾರೋ ಹೇಳಿದ್ರು. ಆಸ್ಪತ್ರೆ ಕಂಪೌಂಡರ್. ನಿನ್ನೆ ಸಂಜೆ ಪ್ಯಾಂಟ್ ಹೊಲಿಸೋಕೆ ಬಂದಿದ್ದ, ನಿನ್ನ ಬೆಕ್ಕು ಸೇರಿಸಿರೋದು, ಬೇರೆ ಬೆಕ್ಕಿನ ರಕ್ತ ಹುಡುಕ್ತಿರೋದು, ಬೀಟ್‌ರೂಟು, ಎಲ್ಲ ಅವನೇ ಹೇಳಿದ್ದು. ಅಷ್ಟೇ. ನಾನ್ಯಾಕೆ ಅಲ್ಲಿಗೆ ಹೋಗಲಿ?

ಮೆಷಿನ್ ಕೆಳಗಾ? ಬಟ್ಟೆ. ಬಟ್ಟೆ ಅಂದೆನಲ್ಲ... ಅಕ್ಕ, ಒಳಗೆ ಬರಬೇಡ, ಆ ಬಟ್ಟೆ ಎತ್ತಬೇಡ. ಎತ್ತಬೇಡ ಅಂದ್ರೆ...

ಸರಿ. ಮಲಗಿದಾನೆ. ಈಗ ತಾನೇ ಬಂದ. ಕುತ್ತಿಗೆ ಹತ್ರ ಕೂದಲು... ಉದುರಿದೆ. ಹುಳುಕಡ್ಡಿ ಇರಬೇಕು. ಹುಳುಕಡ್ಡಿ ಆದ್ರೆ ಅಷ್ಟು ನೀಟಾಗಿ, ಚೌಕವಾಗಿ ಉದುರುತ್ತಾ ಅಂತ ತಾನೇ ನಿನ್ನ ಮುಖ? ಉದುರುತ್ತೆ.

ಇಷ್ಟು ಹೊತ್ತು ನಾನು ಬೈದೆ, ಒಂದಾದ್ರೂ ತಿರುಗಿ ಬೈ. ಹೀಗೆ ಅವನ ತಲೆ ಸವರ್ತಾ ಕೂತ್ರೆ ನಾನೇನು ಮಾಡ್ಲಿ...

ಚುಚ್ಚುಮದ್ದಿನ ಮಂಪರು ಇನ್ನೂ ಇಳಿದಿಲ್ಲ, ಮೆಲ್ಲಗೆ ಮುಟ್ಟು.

ರಕ್ತ ಹೊಂದಿತು ಕಣೇ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೇನೇ ದಡಿಯನ್ನ ಬುಟ್ಟೀಲಿ ಹಾಕ್ಕೊಂಡು ಹೋಗಿದ್ದೆ. ಕುತ್ತಿಗೆ ಕೂದಲು ಬೋಳಿಸಿ ರಕ್ತ ತೆಗೆದ್ರು. ಯಾರ ಬೆಕ್ಕು ಅಂತ ಹೇಳಬೇಡಿ ಅಂತ ಡಾಕ್ಟರಿಗೆ ತಾಕೀತು ಮಾಡಿ ಬಂದೆ. ಪುಟ್ಟಿಗೆ ಏರಿಸ್ತಾ ಇದಾರೆ, ಕಿವಿ ಆಡಿಸ್ತು. ಇನ್ನೂ ಹೇಳೋಕಾಗಲ್ಲ ಅಂದ್ರು. ಫೋನ್ ಮನೇಲಿ ಬಿಟ್ಟು ಬೀದಿ ಸುತ್ತೋಳಿಗೆ ಡಾಕ್ಟರು ಹೇಗೆ ಹೇಳ್ತಾರೆ? ಹೋಗು, ಅದು ಪೂರ್ತಿ ಕಣ್ಣು ಬಿಡುವಾಗ ಎದುರಿಗಿರು.

ನಾನು ವಾಪಸ್ ಬಂದು ಇಲ್ಲೇ ಕಿಟಕೀಲಿ ಕೂತಿದ್ದೆ ಅಕ್ಕ. ನೋಡ್ತಾನೇ ಇದ್ದೆ. ಬೀದೀಲಿರೋ ಬಾಗಿಲೆಲ್ಲ ತಟ್ಟಿದೆ ನೀನು, ಮುಖ ಪರಿಚಯ ಇಲ್ದೋರದೂ. ನಂದು ಕೊನೇದು.

ಮೊದಲು ಇಲ್ಲಿಗೇ ಬಂದಿದ್ರೆ, ರಕ್ತ ಕೊಟ್ಟಾಯ್ತು ಅಂತ ಬಾಗಿಲಲ್ಲೇ ಹೇಳಿಬಿಡ್ತಿದ್ದೆ.