ಗವಸಿನ ಓಣಿಯ ಖಾಲಿ ಗೂಡು

ಈ ಮ್ಯೂಸಿಯಮ್ಮಿನ ನಿರ್ದೇಶಕರೂ ಇಂದಿನ ಸಭೆಯ ಅಧ್ಯಕ್ಷರೂ ಆದ ಮಾನ್ಯರೇ, ಟ್ಯೂರಿನ್‌ನಿಂದ ಬಂದು ನಮ್ಮ ಸನ್ಮಾನ ಸ್ವೀಕರಿಸಿದ ವಾಸ್ತುಶಿಲ್ಪಿ ಒತ್ತಾವಿಯಾ ಮರೆಂಕೋ ಅವರೇ, ನಮ್ಮ ಚರ್ಚಿನ ಫಾದರ್ ರಫಯೇಲೆ ಅವರೇ, ಮುಂದಿನ ಸಾಲಿನಲ್ಲಿ ಕಪ್ಪು ಬಟ್ಟೆ ತೊಟ್ಟು ಕುಳಿತಿರುವ ಕಲಾವಿಮರ್ಶಕರೇ, ಮತ್ತು ನಾನು ಮರೆತರೆ ನಾಳೆಯಿಂದ ಮಾತು ಬಿಡುವಂಥ ಗವಸಿನ ಓಣಿಯ ನನ್ನ ಸಮಸ್ತ ಸಭಿಕರೇ,

ಸನ್ಮಾನದ ಮಾತಿಗೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಮ್ಯೂಸಿಯಮ್ಮಿನ ಹೊರಗೋಡೆಯ ಗೂಡಿನಲ್ಲಿ ಮೇರಿಮಾತೆ ಇಲ್ಲದ್ದನ್ನು ಕಂಡು ನಮ್ಮ ಓಣಿಯಲ್ಲಿ ಎದ್ದ ಗದ್ದಲ ವೇದಿಕೆಯ ಮೇಲಿನ ಹಿರಿಯರ ಕಿವಿಗೂ ಬಿದ್ದಿರಬೇಕು. ಓಣಿಯ ಮೂವರು ಆಗಲೇ ಪೊಲೀಸರಿಗೆ ಫೋನು ಮಾಡಿದ್ದಾರೆ. ದಯವಿಟ್ಟು ಇನ್ನು ಯಾರೂ ಹುಡುಕಬೇಡಿ. ತೆಗೆದವನು ನಾನೇ. ಮಾತೆ ಈ ಮೇಜಿನ ಕೆಳಗೆ, ಟೊಮೆಟೊ ಪೆಟ್ಟಿಗೆಯಲ್ಲಿ, ಹಳೆಯ ಟವೆಲ್ ಹೊದ್ದು ಸುಖವಾಗಿ ಮಲಗಿದ್ದಾಳೆ. ಕುಳಿತುಕೊಳ್ಳಿ, ಕುಳಿತುಕೊಳ್ಳಿ. ಡೊನ್ನಾ ಅಸುಂತಾ, ಚಪ್ಪಲಿ ಹಾಕಿಕೊಳ್ಳಿ. ಅಲ್ಲಿಂದ ಎಸೆದರೆ ಅದು ವಿಮರ್ಶಕರಿಗೆ ಬೀಳುತ್ತದೆ, ಅವರು ಅದಕ್ಕೂ ಒಂದು ಲೇಖನ ಬರೆಯುತ್ತಾರೆ.

ಯಾಕೆ ತೆಗೆದೆ? ಹತ್ತು ವರ್ಷದ ಹಿಂದೆ ನಾನು ಸಿನ್ಯೋರಾ ಮರೆಂಕೋ ಅವರಿಗೆ ಒಂದು ಮಾತು ಕೊಟ್ಟಿದ್ದೆ. ಗೂಡನ್ನು ಖಾಲಿ ಮಾಡಿ ಅವರಿಗೆ ಹಿಂತಿರುಗಿಸುತ್ತೇನೆ, ಅದೇ ದಿನ ಒಬ್ಬರಿಗೆ ಒಂದು ಸತ್ಯವನ್ನೂ ಹೇಳುತ್ತೇನೆ ಎಂದು. ಗೂಡು ಖಾಲಿಯಾಗಿದೆ. ಹೇಳುವುದು ಬಾಕಿ ಇದೆ. ಆ ಒಬ್ಬರು ಈ ಸಭೆಯಲ್ಲೇ ಕುಳಿತಿದ್ದಾರೆ. ನನಗೆ ಎಪ್ಪತ್ತೊಂದು ವರ್ಷ, ಇನ್ನು ಮುಂದಕ್ಕೆ ಹಾಕುವಂತಿಲ್ಲ.

ಬರೆದುಕೊಂಡು ಬಂದ ಭಾಷಣವೂ ಇದೆ. ಆದರೆ ಈ ಮೇಜಿನ ಮೇಲಿನ ದೀಪವನ್ನು ನೋಡಿ. ಮೂರು ದೇಶಗಳಲ್ಲಿ ವಿನ್ಯಾಸದ ಬಹುಮಾನ ಪಡೆದ ದೀಪವಂತೆ. ಛಾವಣಿಗೆ ಬೆಳಕು ಬೀಳುತ್ತದೆ, ನನ್ನ ಬೂಟಿಗೆ ಬೀಳುತ್ತದೆ, ಹಾಳೆಗೆ ಮಾತ್ರ ಬೀಳುವುದಿಲ್ಲ. ಹಾಗಾಗಿ ಬಾಯಿಗೆ ಬಂದದ್ದನ್ನು ಹೇಳುತ್ತೇನೆ.

ನಾವು ಕುಳಿತಿರುವ ಈ ಸಭಾಂಗಣ ನಾನು ಹುಡುಗನಾಗಿದ್ದಾಗ ಕೈಗವಸಿನ ಕಾರ್ಖಾನೆಯಾಗಿತ್ತು. ನನ್ನ ತಾಯಿ ಇಪ್ಪತ್ತೆರಡು ವರ್ಷ ಇಲ್ಲಿ ಹೆಬ್ಬೆರಳು ಹೊಲಿದಳು. ಬರೀ ಹೆಬ್ಬೆರಳು. ಉಳಿದ ನಾಲ್ಕು ಬೆರಳು ಬೇರೆಯವರ ಪಾಲು. ಕಾರ್ಖಾನೆ ಮುಚ್ಚಿತು, ಪಾರಿವಾಳಗಳು ಬಂದವು, ಆಮೇಲೆ ಒಂದು ದಿನ ಇಲ್ಲಿ ಸಮಕಾಲೀನ ಕಲೆ ಬರುತ್ತದೆ ಎಂದು ಸುದ್ದಿ ಬಂತು. ನಾವು ಕೇಳಿದ್ದು ಆಸ್ಪತ್ರೆ. ಅದು ಸಿಗದಿದ್ದರೆ ಸ್ಕೂಟರ್ ನಿಲ್ಲಿಸಲು ಜಾಗ. ಬಂದದ್ದು ಕಲೆ. ಇರಲಿ, ಬಂದವರನ್ನು ನಾವು ಹೊರಗೆ ಹಾಕುವವರಲ್ಲ.

ನಾಲ್ಕು ವರ್ಷ ಗೋಡೆಗೆ ಪರದೆ ಕಟ್ಟಿದ್ದರು. ಪರದೆ ಇಳಿಸಿದ ದಿನ ನಾವೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು. ಬೂದು ಸಿಮೆಂಟಿನ ದೊಡ್ಡ ಗೋಡೆ. ಒಂದು ಕಿಟಕಿ ಇಲ್ಲ, ಒಂದು ಮೊಳೆ ಇಲ್ಲ. ಆಳೆತ್ತರದಲ್ಲಿ ಒಂದೇ ಒಂದು ಗೂಡು, ಒಳಗೊಂದು ಪುಟ್ಟ ಬೆಳಕು, ಬೆಳಕಿನಲ್ಲಿ ಏನೂ ಇಲ್ಲ.

ಸಭಿಕರೇ, ಟ್ಯೂರಿನ್‌ನಲ್ಲಿ ಖಾಲಿ ಗೂಡು ಎಂದರೆ ಖಾಲಿ ಗೂಡು. ನಮ್ಮ ನೇಪಲ್ಸಿನಲ್ಲಿ ಖಾಲಿ ಗೂಡು ಎಂದರೆ ಕಳ್ಳತನ.

"ಅಯ್ಯೋ, ಇಲ್ಲಿ ಮಾತೆ ಇದ್ಲು ಕಣ್ರೀ! ಕೆಲಸದೋರು ಎತ್ಹಾಕಿದಾರೆ!" ಎಂದು ಮೊದಲು ಕೂಗಿದವರು ಡೊನ್ನಾ ಅಸುಂತಾ.

"ಇದ್ಲು, ಇದ್ಲು. ನೀಲಿ ಸೆರಗು. ನಾನ್ ಚಿಕ್ಕೋಳಿದ್ದಾಗ ದಿನಾ ಮೇಣದಬತ್ತಿ ಹಚ್ತಿದ್ದೆ" ಎಂದರು ಅವರ ಅತ್ತಿಗೆ.

"ನೀಲಿ ಎಲ್ಲಿಂದ ಬಂತು? ಬಿಳಿ!"

ಅರ್ಧ ಗಂಟೆಯಲ್ಲಿ ಜಗಳ ಸೆರಗಿನ ಬಣ್ಣಕ್ಕೆ ಬಂದು ನಿಂತಿತು. ಮಾತೆ ಇದ್ದಳೇ ಇಲ್ಲವೇ ಎಂದು ಕೇಳಿದವರು ಒಬ್ಬರೂ ಇಲ್ಲ. ಅಲ್ಲಿ ಇದ್ದದ್ದು ಮಳೆನೀರಿನ ಕೊಳವೆ. ತಾಯಿಯ ಪಾಳಿ ಮುಗಿಯುವುದನ್ನು ಕಾಯುತ್ತ ಆ ಕೊಳವೆಗೆ ಒರಗಿ ಬೆಳೆದವನು ನಾನು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ: "ಹೌದು, ಇದ್ಲು! ನಾನೇ ಕಣ್ಣಾರೆ ನೋಡಿದೀನಿ!" ಮೊದಲು ಇದ್ದಳು ಎಂದರೆ ತಾನೇ ಮತ್ತೆ ಇಡಬಹುದು?

"ನಮ್ಮ ಅಮ್ಮನನ್ನು ವಾಪಸ್ ಕೊಡಿ" ಎಂದು ಬಾಲ್ಕನಿಯಿಂದ ಬಾಲ್ಕನಿಗೆ ಬಟ್ಟೆ ಕಟ್ಟಿದೆವು. ಬೆರ್ಗಾಮೋದಿಂದ ಬಂದ ಕೆಲಸಗಾರರು, ಪಾಪ, ತಮ್ಮ ಚೀಲ ಬಿಚ್ಚಿ ತೋರಿಸಿದರು. ಕೊನೆಗೆ ಓಣಿಯೇ ನನ್ನ ಬಾಗಿಲಿಗೆ ಬಂತು. "ಮೇಸ್ತ್ರೀ, ನೀವು ಗೊಂಬೆ ಮಾಡೋರಲ್ವಾ? ನೀವೇ ಒಂದು ಮಾಡ್ಕೊಡಿ."

ವಿಮರ್ಶಕರಿಗೆ ತಿಳಿಯಲೆಂದು ಹೇಳುತ್ತೇನೆ, ನಾನು ಏಸು ಹುಟ್ಟಿದ ದೃಶ್ಯ ಜೋಡಿಸುವ ಕ್ರಿಸ್‌ಮಸ್ ಗೋದಲಿಗೆ ಗೊಂಬೆ ಮಾಡುವವನು. ಸುಟ್ಟ ಮಣ್ಣಿನ ತಲೆ, ಗಾಜಿನ ಕಣ್ಣು, ಮರದ ಕೈ, ನಾರು ಸುತ್ತಿದ ತಂತಿಯ ಮೈ. ಒಂದು ಒಳ್ಳೆಯ ತಲೆಗೆ ತಿಂಗಳುಗಳೇ ಬೇಕು. ಆದರೆ ಮೂರನೆಯ ದಿನಕ್ಕೆ ಮಾತೆ ಗೂಡಿನಲ್ಲಿ ನಿಂತಿದ್ದಳು. ಓಣಿ ಅದನ್ನು ಪವಾಡ ಎಂದಿತು. ಪವಾಡವೂ ಇಲ್ಲ, ಗಿವಾಡವೂ ಇಲ್ಲ. ತಲೆ ನನ್ನ ಮೇಜಿನ ಡ್ರಾಯರಿನಲ್ಲಿ, ಪತ್ರಿಕೆಯ ಕಾಗದದೊಳಗೆ, ಮೂವತ್ತನಾಲ್ಕು ವರ್ಷದಿಂದ ಸಿದ್ಧವಾಗಿತ್ತು.

ಫಾದರ್ ರಫಯೇಲೆ ಪವಿತ್ರ ಜಲ ಚಿಮುಕಿಸಿದರು. ವಾಸ್ತುಶಿಲ್ಪಿಯ ಬೆಳಕು ಸಾಲದು ಎಂದು ಎದುರಿನ ಅಂಗಡಿಯಿಂದ ವೈರು ಎಳೆದು ಬಣ್ಣದ ಬಲ್ಬುಗಳನ್ನೂ ಕಟ್ಟಿದೆವು. ಅದು ಡೊನ್ನಾ ಟಿಟಿನಾ ಅವರ ಅಂಗಡಿ. ಎಣ್ಣೆಯಲ್ಲಿ ಕರಿದ ಅವರ ಪಿಜ್ಜಾ ತಿನ್ನದವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಅದು ಅವರವರ ದುರದೃಷ್ಟ.

ಉದ್ಘಾಟನೆಯ ಹಿಂದಿನ ದಿನ ಸಿನ್ಯೋರಾ ಮರೆಂಕೋ ಬಂದರು. ಸಿನ್ಯೋರಾ, ಈಗ ನೀವು ನಗುತ್ತಿದ್ದೀರಿ, ಆವತ್ತು ನಗಲಿಲ್ಲ.

"ಯಾರು? ಯಾರ್ರೀ ಇದನ್ನ ಇಲ್ಲಿಟ್ಟಿದ್ದು? ನಾಲ್ಕು ವರ್ಷ ತಲೆ ಕೆಡಿಸ್ಕೊಂಡು ಆ ಜಾಗ ಖಾಲಿ ಇಟ್ಟಿದೀನಿ ನಾನು!"

"ನಾಲ್ಕು ವರ್ಷ ತಗೊಂಡು ಏನೂ ಇಡಕ್ಕಾಗ್ಲಿಲ್ವಾ ಸಿನ್ಯೋರಾ?" ಎಂದೆ ನಾನು. "ನಾವು ನೋಡಿ, ಮೂರೇ ದಿನಕ್ಕೆ ಇಟ್ವಿ."

"ನಿಮ್ಮೂರಲ್ಲಿ ಅಂಗೈ ಅಗಲ ಜಾಗಾನೂ ಬಿಡಲ್ಲ ನೀವು. ಒಂದು ಕಡೆನಾದ್ರೂ ಯಾರೂ ಏನೂ ಇಡದೆ ಇರ್ಲಿ, ನಿಂತೋರು ಅವರವರ ಮನಸಲ್ಲಿರೋದನ್ನ ಅಲ್ಲಿ ನೋಡ್ಲಿ ಅಂತ ಮಾಡಿದ್ದು. ಸಂಜೆ ಒಳಗೆ ತೆಗೀದಿದ್ರೆ ವಕೀಲ್ರನ್ನ ಕರೀತೀನಿ!"

ಸಿಟ್ಟು ಬಂದವರಿಗೆ ಹಸಿವೂ ಬರುತ್ತದೆ. ಡೊನ್ನಾ ಟಿಟಿನಾ ಅಂಗಡಿಯಿಂದಲೇ ಕರೆದು ಕಾಗದದಲ್ಲಿ ಮಡಚಿದ ಪಿಜ್ಜಾ ಕೈಗೆ ಕೊಟ್ಟರು. "ಮೊದ್ಲು ತಿನ್ರೀ. ಬಿಸಿ ಐತೆ, ಊದ್ಕೊಂಡು ತಿನ್ನಿ. ಖಾಲಿ ಹೊಟ್ಟೇಲಿ ಖಾಲಿ ಜಾಗದ ಮಾತೆಲ್ಲ ಆಡಬಾರ್ದು."

ಸಿನ್ಯೋರಾ ಒಂದು ತುತ್ತು ಕಚ್ಚಿದರು. ಟಿಟಿನಾ ಅವರ ಮುಖ ನೋಡಿದರು. ತಿರುಗಿ ಗೂಡಿನ ಕಡೆ ನೋಡಿದರು. ಮತ್ತೆ ಟಿಟಿನಾ ಅವರನ್ನು ನೋಡಿದರು. ಅಗಿಯುವುದನ್ನು ನಿಲ್ಲಿಸಿ, ಪಿಜ್ಜಾ ಹಿಡಿದುಕೊಂಡೇ ನನ್ನ ಕೆಲಸದ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು.

"ಆ ಮೂಗು" ಎಂದರು.

ನಾನು ತೆರೆದಿದ್ದ ಖಾಲಿ ಡ್ರಾಯರನ್ನು ಮುಚ್ಚಿದೆ.

"ಅವ್ರಿಗೆ ಗೊತ್ತಾ?"

"ಇಲ್ಲ."

"ಓಣಿಯೋರಿಗೆ?"

"ಓಣಿಯೋರು ಅವರ ಕೈಲಿರೋ ಪಿಜ್ಜಾ ನೋಡ್ತಾರೆ ಸಿನ್ಯೋರಾ. ಮುಖ ಯಾರೂ ನೋಡಲ್ಲ."

ಹೌದು ಸಭಿಕರೇ, ಕೇಳಿಸಿಕೊಂಡದ್ದು ಸರಿಯಾಗಿಯೇ ಇದೆ. ನೀವು ಹತ್ತು ವರ್ಷ ಕೈಮುಗಿದ ಮುಖ ಡೊನ್ನಾ ಟಿಟಿನಾ ಅವರದು. ದಯವಿಟ್ಟು ಎಲ್ಲರೂ ಒಟ್ಟಿಗೆ ಐದನೆಯ ಸಾಲಿನ ಕಡೆ ತಿರುಗಬೇಡಿ, ಅವರಿಗೆ ಮುಜುಗರವಾಗುತ್ತದೆ. ಫಾದರ್, ಬೆವರು ಒರೆಸಿದ್ದು ಸಾಕು, ಕರ್ಚೀಫು ಒಳಗಿಡಿ, ಇದನ್ನೆಲ್ಲ ಬಿಷಪ್‌ರವರಿಗೆ ಬರೆದು ತಿಳಿಸುವ ಅಗತ್ಯವೇನಿಲ್ಲ. ಡೊನ್ನಾ ಅಸುಂತಾ, ನಿಮ್ಮ ಮೊಮ್ಮಗ ಆರನೆಯ ಸಲಕ್ಕೆ ಡ್ರೈವಿಂಗ್ ಪರೀಕ್ಷೆ ಪಾಸಾದದ್ದು ಈ ಮಾತೆಯ ಕೃಪೆ ಎಂದಿರಿ. ಆ ಕೃಪೆ ಪಿಜ್ಜಾ ಅಂಗಡಿಗೆ ಸೇರಬೇಕಾದದ್ದು.

ಆವತ್ತು ಸಿನ್ಯೋರಾ ವಕೀಲರನ್ನು ಯಾಕೆ ಕರೆಯಲಿಲ್ಲ ಎಂದು ಓಣಿ ಹತ್ತು ವರ್ಷ ತಲೆ ಕೆರೆದುಕೊಂಡಿತು. ಮಾತೆ ಅವರ ಮನಸ್ಸು ಕರಗಿಸಿದಳು ಎಂದರು ಕೆಲವರು. ನನ್ನ ಮಾತುಗಾರಿಕೆಗೆ ಸೋತರು ಎಂದು ನಾನೇ ಕಾಫಿ ಅಂಗಡಿಯಲ್ಲಿ ಹೇಳಿಕೊಂಡೆ. ನಿಜವಾಗಿ ಅವರು ಹೇಳಿದ್ದು ಇಷ್ಟೇ: "ಬಾಯಲ್ಲಿ ಹೇಳಕ್ಕಾಗ್ದೇ ಇರೋದನ್ನ ತಂದು ನನ್ನ ಗೂಡಲ್ಲಿ ಇಟ್ಟಿದೀರಿ. ಇರ್ಲಿ ಬಿಡಿ. ಹೇಳೋ ದಿನ ನನ್ನ ಗೂಡು ನಂಗೆ ವಾಪಸ್ ಕೊಡಿ." ನಾನು ಕೈ ಮೇಲೆ ಕೈ ಇಟ್ಟು ಒಪ್ಪಿಕೊಂಡೆ. ಅವರು ಎರಡು ವಾರ ಎಂದುಕೊಂಡಿದ್ದರು.

ಅಂದಿನಿಂದ ಪ್ರತಿ ಹೊಸವರ್ಷಕ್ಕೆ ಟ್ಯೂರಿನ್‌ನಿಂದ ಒಂದು ಕಾರ್ಡು. ಅದರಲ್ಲಿ ಒಂದೇ ಸಾಲು: "ಖಾಲಿ ಆಯ್ತಾ?" ನನ್ನ ಉತ್ತರವೂ ಒಂದೇ ಸಾಲು: "ಇನ್ನೂ ಇಲ್ಲ, ಈ ವರ್ಷ ಚಳಿ ಜಾಸ್ತಿ." ನೇಪಲ್ಸಿನ ಚಳಿ! ಅವರು ನಂಬಿದಂತೆ ನಟಿಸಿದರು. ಈ ಸಲದ ಕಾರ್ಡಿನಲ್ಲಿ ಎರಡು ಸಾಲು ಹೆಚ್ಚಿತ್ತು. "ನಂಗೀಗ ಎಂಬತ್ತು. ಇನ್ನು ಅಷ್ಟು ದೂರ ಬರಕ್ಕಾಗಲ್ಲ, ಇದೇ ಕೊನೆ ಸಲ. ನಾನು ಮಾಡಿದ್ದನ್ನ ಒಂದ್ಸಲನಾದ್ರೂ ನೋಡ್ಬೇಕು ಮೇಸ್ತ್ರೀ." ಯೋಚಿಸಿ ಸಭಿಕರೇ. ಈ ಇಡೀ ಕಟ್ಟಡದಲ್ಲಿ ಅವರಿಗೆ ತುಂಬ ಪ್ರೀತಿಯ ಜಾಗ ಅದು. ಅದನ್ನು ಅವರು ಒಂದೇ ಒಂದು ದಿನವೂ ಖಾಲಿಯಾಗಿ ನೋಡಿಲ್ಲ. ಒಬ್ಬ ಹೇಡಿ ಅದನ್ನು ತುಂಬಿಟ್ಟಿದ್ದ.

ಹೇಡಿ ಎಂದದ್ದು ನನ್ನನ್ನೇ. ಇಪ್ಪತ್ತೇಳು ವರ್ಷದವನಿದ್ದಾಗ ಆ ತಲೆ ಮಾಡಿದೆ. ಎದುರು ಕೂರಿಸಿಕೊಂಡು ಮಾಡಿದ್ದಲ್ಲ, ಡೊನ್ನಾ ಟಿಟಿನಾ ಅವರ ತಂದೆಯ ಅಂಗಡಿಯಲ್ಲಿ ಪಿಜ್ಜಾ ಕೊಳ್ಳುವಾಗ ನೋಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಆ ವರ್ಷ ನಾನು ತುಂಬ ದಪ್ಪಗಾದೆ. ತಲೆಯನ್ನು ಪತ್ರಿಕೆಯಲ್ಲಿ ಸುತ್ತಿ, ಅವರ ಕೈಗೆ ಕೊಟ್ಟು, ಕೇಳಬೇಕಾದದ್ದನ್ನು ಕೇಳಿಯೇ ಬಿಡುತ್ತೇನೆ ಎಂದು ಒಂದು ಭಾನುವಾರ ಹೋದೆ. ಅಂಗಡಿಯ ಮುಂದೆ ನನ್ನ ಗೆಳೆಯ ವಿನ್ಚೆಂಜೋ ನಿಂತಿದ್ದ. ಅವರು ಅವನ ಜೊತೆ ನಗುತ್ತಿದ್ದರು. ನಾನು ಹವಾಮಾನದ ಬಗ್ಗೆ ಎರಡು ಮಾತಾಡಿ ಮನೆಗೆ ಬಂದು ಡ್ರಾಯರು ಮುಚ್ಚಿದೆ. ಅವರಿಬ್ಬರ ಮದುವೆಗೆ ಸಾಕ್ಷಿ ಸಹಿ ಹಾಕಿದವನೂ ನಾನೇ. ವಿನ್ಚೆಂಜೋ ದೂರಲು ಏನೂ ಸಿಗದಷ್ಟು ಒಳ್ಳೆಯವನು, ಅದೇ ನನ್ನ ದೊಡ್ಡ ಕಷ್ಟ. ಅವನು ಹೋಗಿ ಹದಿಮೂರು ವರ್ಷವಾಯಿತು. ಮೈಗೆಲ್ಲ ಮಣ್ಣಿನ ವಾಸನೆ, ನನ್ನನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆನಲ್ಲ, ಅದು ಸುಳ್ಳು. ನಾನು ಯಾರನ್ನೂ ಕೇಳಲೇ ಇಲ್ಲ.

ಡೊನ್ನಾ ಟಿಟಿನಾ, ನೀವು ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ತಂದು ಮಾತೆಯ ಮುಖ ಒರೆಸುತ್ತ ನನ್ನ ಕಿಟಕಿಯ ಕಡೆ ಕೂಗುತ್ತಿದ್ದಿರಿ: "ಮೇಸ್ತ್ರೀ, ಮಾತೆಗೆ ಇಂಥ ಮೂಗ್ ಯಾಕ್ರೀ ಇಟ್ರಿ? ಯಾರ್ ಮೇಲೋ ಜಗಳಕ್ ಹೊರಟಂಗೈತೆ!"

"ಆವತ್ತು ಕೈ ಜಾರ್ತು ಡೊನ್ನಾ ಟಿಟಿನಾ."

"ಮತ್ತೆ ಸರಿ ಮಾಡ್ರಿ."

"ಸುಟ್ಟ ಮಣ್ಣು. ಇನ್ನು ಸರಿ ಆಗಲ್ಲ."

ಹತ್ತು ವರ್ಷ ಇದೇ ಮಾತು. ಇವತ್ತು ಇಷ್ಟು ಜನರ ಎದುರು ಹೇಳುತ್ತೇನೆ. ಕೈ ಜಾರಿರಲಿಲ್ಲ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ನಿಖರವಾದ ಕೆಲಸ ಆ ಮೂಗು. ನೀವೆಂದರೆ ನನಗೆ ಇಷ್ಟ. ನಲವತ್ತನಾಲ್ಕು ವರ್ಷದಿಂದ ಇಷ್ಟ. ಇಷ್ಟನ್ನು ಹೇಳಲು ನನಗೆ ಒಂದು ಮ್ಯೂಸಿಯಂ ಬೇಕಾಯಿತು.

ಸಿನ್ಯೋರಾ ಮರೆಂಕೋ, ನಿಮಗೂ ಒಂದು ಮಾತು. ಓಣಿಯವರಿಗೆ ಟಿಕೆಟ್ ಇಲ್ಲವೆಂದು ನಾನು ಈ ಹತ್ತು ವರ್ಷದಲ್ಲಿ ಇಲ್ಲಿನ ಪ್ರತಿ ಕೋಣೆಯನ್ನೂ ನೋಡಿದ್ದೇನೆ. ಬಿಳಿ ಹಲಗೆಗಳ ಮುಂದೆ ನಿಂತು ನಕ್ಕಿದ್ದೇನೆ. ನನ್ನ ತಲೆಗೆ ಇದೆಲ್ಲ ಹತ್ತುವುದಿಲ್ಲ ಎಂದೇ ತಿಳಿದಿದ್ದೆ. ಇವತ್ತು ಬೆಳಿಗ್ಗೆ ಮಾತೆಯನ್ನು ಇಳಿಸಿ, ಬಲ್ಬಿನ ಸರ ಬಿಚ್ಚಿ, ಏಣಿ ಮಡಚಿ ತಲೆಯೆತ್ತಿದೆ. ಒಳಗಿನ ಬಾಗು ಎಷ್ಟು ನಯವಾಗಿದೆ ಎಂದು ಆಗ ಕಂಡಿತು. ನಿಮ್ಮ ಆ ಪುಟ್ಟ ಬೆಳಕು ಎಷ್ಟು ಬೇಕೋ ಅಷ್ಟೇ ಇತ್ತು. ಅಲ್ಲಿ ಏನೂ ಇರಲಿಲ್ಲ ಸಿನ್ಯೋರಾ. ಆದರೂ ಅವರ ಮುಖ ಅಲ್ಲೇ ಇತ್ತು, ಮೂಗಿನ ಸಮೇತ. ನಾನು ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದು ನನಗೇ ಗೊತ್ತಾಗಲಿಲ್ಲ. ತುಂಬ ಚೆನ್ನಾಗಿ ಮಾಡಿದ್ದೀರಿ. ತಡವಾಗಿ ನೋಡಿದ್ದಕ್ಕೆ ಕ್ಷಮಿಸಿ. ಗೂಡು ನಿಮ್ಮದು. ಓಣಿಯವರಲ್ಲಿ ಬೇಡಿಕೊಳ್ಳುತ್ತೇನೆ, ಸಿನ್ಯೋರಾ ನಾಳೆ ರೈಲು ಹತ್ತುವವರೆಗಾದರೂ ಅಲ್ಲಿ ಹೂಕುಂಡ ಇಡಬೇಡಿ.

ಇನ್ನು ಮುಗಿಸುತ್ತೇನೆ. ಡೊನ್ನಾ ಟಿಟಿನಾ, ಇಷ್ಟು ಜನರ ಮುಂದೆ ಉತ್ತರ ಕೇಳುವುದು ಅನ್ಯಾಯ, ಕೇಳುವುದಿಲ್ಲ. ಪೆಟ್ಟಿಗೆಯಲ್ಲಿರುವುದು ನಿಮ್ಮದೇ ಮುಖ, ನಿಮಗೇ ಕೊಡಲು ತರುತ್ತಿದ್ದೇನೆ. ನಿಮ್ಮ ಪಕ್ಕದ ಕುರ್ಚಿಯ ಮೇಲೆ ನಿಮ್ಮ ಕೋಟು ಇದೆ. ಅದು ಅಲ್ಲೇ ಇದ್ದರೆ ನಾನು ಪೆಟ್ಟಿಗೆ ಕೊಟ್ಟು ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತೇನೆ. ನಾಳೆಯಿಂದ ಪಿಜ್ಜಾ ಬಿಟ್ಟು ಬೇರೇನೂ ಕೇಳುವುದಿಲ್ಲ, ಬೇಸರವನ್ನೂ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಳ್ಳುವುದಿಲ್ಲ ಎಂದದ್ದು ಸುಳ್ಳು, ಆದರೆ ತೋರಿಸುವುದಿಲ್ಲ.

ಡೊನ್ನಾ ಅಸುಂತಾ, ಸ್ವಲ್ಪ ತಲೆ ಪಕ್ಕಕ್ಕೆ ಇಟ್ಟುಕೊಳ್ಳಿ, ನನಗೆ ಐದನೆಯ ಸಾಲು ಕಾಣುತ್ತಿಲ್ಲ.

ಹಾಂ.

ಕೋಟನ್ನು ಎತ್ತಿ ಮಡಿಲಿಗೆ ಹಾಕಿಕೊಂಡಿದ್ದಾರೆ. ಕುರ್ಚಿ ಖಾಲಿ ಇದೆ.

ಮಾನ್ಯ ಅಧ್ಯಕ್ಷರೇ, ಸಭಿಕರೇ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞ. ಇನ್ನೂ ಮಾತಾಡಬಹುದಿತ್ತು, ಆದರೆ ನನಗೆ ಕುಳಿತುಕೊಳ್ಳಲು ಜಾಗ ಸಿಕ್ಕಿದೆ. ನಮಸ್ಕಾರ.